ನಿದ್ದೆ ಬರೆಯುತ್ತಿದ್ದವಳು

ಇಪ್ಪತ್ತೆರಡು ವರ್ಷ ಅವನ ನಿದ್ದೆಯನ್ನು ನಾನೇ ಬರೆದೆ.
ಲಾಡ್ಜ್‌ಪೋಲಿನ ಅಡುಗೆಮನೆ, ಮೇಜು, ಸ್ಕೇಲು,
ತುದಿ ಕಚ್ಚಿದ ಪೆನ್ಸಿಲು.
ದಿನಕ್ಕೊಂದು ಹಾಳೆ, ಹಾಳೆಗೆ ನಾಲ್ಕು ಸಾಲು:
ರಜೆ, ಹಾಸಿಗೆ, ಚಕ್ರ, ಕೆಲಸ.
ವರ್ಲಿನ್ ಫೋನಿನಲ್ಲಿ ಕೇಳುವನು:
"ರಾಲಿನ್ಸಿನಲ್ಲಿ ಎಷ್ಟು ಹೊತ್ತು ಮಲಗಿದ್ದೆ ನೋಡು."
"ಹತ್ತು ಗಂಟೆ," ಎನ್ನುವೆ, "ಹಾಯಾಗಿ ಮಲಗಿದ್ದೀಯ."
ಆ ಕಡೆ ಗೇರು ಬದಲಾದ ಸದ್ದು.

ಈಗ ಗಾಜಿನ ಕೆಳಗೊಂದು ಪೆಟ್ಟಿಗೆ,
ಬಿಸ್ಕತ್ತಿನ ಪೊಟ್ಟಣದಷ್ಟು,
ಎಂಜಿನ್ನಿನ ಹೊಟ್ಟೆಗೆ ಅದರ ಬಳ್ಳಿ.
ಗಂಟೆಗೆ ಐದು ಮೈಲಿಯ ವೇಗ ಬಂದರೆ ಸಾಕು,
'ಚಕ್ರ' ಎಂದು ಬರೆದುಕೊಳ್ಳುತ್ತದೆ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.
ತಿಂಗಳಿಗೆ ಮೂವತ್ತೈದು ಡಾಲರು.
ಚೆಕ್ಕು ಬರೆಯುವವಳು ನಾನೇ:
ನನ್ನ ಕೆಲಸ ಕಿತ್ತುಕೊಂಡವನಿಗೆ ನನ್ನ ಕೈಯಿಂದಲೇ ಸಂಬಳ.

ಐನೂರು ಲಾರಿಯ ಕಂಪನಿಗೆ ಏನು,
ಒಬ್ಬನ ಗಂಟೆ ಮುಗಿದರೆ ಇನ್ನೊಬ್ಬನನ್ನು ಕೂರಿಸುತ್ತದೆ.
ನಮಗಿರುವುದು ಒಂದೇ ಲಾರಿ,
ನನಗೆ ಒಬ್ಬನೇ ಗಂಡ.

ಇವತ್ತು ಷಯೆನ್ನಿನ ಉಗ್ರಾಣದಲ್ಲಿ
ಪಾರ್ಮಾದ ಅರ್ಧ ಲೋಡು ಈರುಳ್ಳಿ ಇಳಿಯಬೇಕಿತ್ತು.
ಹನ್ನೊಂದನೇ ಬಾಗಿಲು ಖಾಲಿ ಇಲ್ಲ ಎಂದನಂತೆ ಗೇಟಿನ ಹುಡುಗ,
ಸ್ಯಾಂಡ್‌ವಿಚ್ ತಿನ್ನುತ್ತಾ.
ಐದು ಗಂಟೆ ಕಾದ. ಕಾದದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ.
ಲಾರಿ ನಿಂತರೂ
ಹದಿನಾಲ್ಕರ ಗಡಿಯಾರ ನಿಲ್ಲುವುದಿಲ್ಲ.

ಎಂಟಕ್ಕೆ ಆರು ನಿಮಿಷ ಇರುವಾಗ ಫೋನು:
"ಸಿಡ್ನಿಯಲ್ಲಿದ್ದೇನೆ. ಇನ್ನು ಆರು ನಿಮಿಷ. ಹದಿನೇಳು ಮೈಲಿ."
ಕರೆಂಟು ಬಿಲ್ಲಿನ ಬೆನ್ನ ಮೇಲೆ ನನ್ನ ಕೈ
ತಾನಾಗಿ ನಾಲ್ಕು ಗೆರೆ ಎಳೆದು
ಆ ಹದಿನೇಳು ಮೈಲಿಯನ್ನು ಎಲ್ಲಿ ಮಡಿಚಿಡಲಿ ಎಂದು ಹುಡುಕಿತು.
ಜಾಗವಿತ್ತು.
ಕೇಳುವವರಿರಲಿಲ್ಲ.

ಪೆಟ್ಟಿಗೆಯನ್ನು ಬೈಯಬೇಕು.
ಬಾಯಿ ತೆರೆದಾಗಲೆಲ್ಲ ಲೈಲ್ ಅಡ್ಡ ಬರುತ್ತಾನೆ.
ನನ್ನ ತಮ್ಮ. ಅವನ ಹಾಳೆಗಳನ್ನೂ ನಾನೇ ಬರೆಯುತ್ತಿದ್ದೆ,
ಅವನ ಅಕ್ಷರ ಕೋಳಿಕಾಲು.
ಎಲ್ಕ್ ಮೌಂಟನ್ನಿನ ಇಳಿಜಾರು, ಬೆಳಗಿನ ಜಾವ ನಾಲ್ಕೂಕಾಲು.
ನನ್ನ ಹಾಳೆಯಲ್ಲಿ ಆ ಹೊತ್ತಿಗೆ ಅವನು ಮಲಗಿದ್ದ.
ರಸ್ತೆಯಲ್ಲೂ ಮಲಗಿದ್ದ.
ನಾನು ಬರೆದದ್ದು ನಿಜವಾದದ್ದು
ಅದೊಂದೇ ಸಲ.

ಸಾರಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಕಾರು ಹತ್ತಿದೆ.
ನನ್ನ ಕಾರಿನಲ್ಲಿ ಪೆಟ್ಟಿಗೆಯಿಲ್ಲ,
ನಾನು ಎಷ್ಟು ದಣಿದಿದ್ದೇನೆಂದು ಯಾರಿಗೂ ಬೇಡ.

ಶೀತಲ ಲಾರಿಗಳ ಸಾಲಿನ ನಡುವೆ ಅವನದು,
ಎರಡೂ ಕಡೆ ಗುರ್ ಗುರ್.
ಸೀಟಿನಲ್ಲೇ ಕೂತಿದ್ದ, ಬೂಟು ಬಿಚ್ಚದೆ.
ಓಮಾಹಾದವರು ಬೆಳಗ್ಗೆಯೇ ಬೇಕೆಂದಿದ್ದಾರೆ, ಬಾಡಿಗೆ ಮುರಿಯುತ್ತಾರೆ,
ಟೈರಿನ ಕಂತು ಶುಕ್ರವಾರ—
ಪರದೆಯ ಮೇಲೆ ನೀಲಿ ಅಕ್ಷರ: 'ಹಾಸಿಗೆ'.
"ನೋಡು," ಎಂದೆ, "ಇದಕ್ಕೂ ಬರುತ್ತದೆ."
"ಏನು?"
"ನಿನ್ನ ನಿದ್ದೆ ಬರೆಯಲು."
ಅವನು ನಕ್ಕ; ಸಾರು ಮೀಸೆಗೆ ಅಂಟಿತು.

ಆಮೇಲೆ ಹಿಂದಿನ ಕಿರುಮಂಚದಲ್ಲಿ ಇಬ್ಬರೂ ಓರೆಯಾಗಿ,
ಅವನ ಮೊಣಕೈ ನನ್ನ ಪಕ್ಕೆಗೆ.
ಒಂದೂ ನಲವತ್ತಕ್ಕೆ ಉಸಿರು ದಪ್ಪವಾಯಿತು,
ಮೊದಲ ಗೊರಕೆ ಬಂತು, ನಿಜದ್ದು.
ಆರಕ್ಕೆ ಪರದೆ ಹಸಿರಾಗುತ್ತದೆ.
ಲೆಕ್ಕ ಹಾಕಬಾರದು ಎಂದುಕೊಂಡೆ.
ನಾಲ್ಕು ಗಂಟೆ ಇಪ್ಪತ್ತು ನಿಮಿಷ.
ಕತ್ತಲಲ್ಲಿ ಚೀಲ ತಡಕಿ ಬಿಲ್ಲು ಹುಡುಕಿದೆ,
ಪೆನ್ಸಿಲು ಮನೆಯಲ್ಲೇ ಉಳಿದಿತ್ತು.