ನಾಲ್ಕು ಸಾವಿರದ ತನಕ

ಲಗ್ನಪತ್ರಿಕಿ ಸುಗ್ಗಿಯೊಳಗನ ಬರತೈತಿ ಅದು,
ಕಂದು ಲಕೋಟಿ, ಬೆಂಗಳೂರಿನ ಮುದ್ರಿ.
ವರ್ಷಕ್ಕ ಎರಡು ತಿಂಗಳು ನಮ್ಮ ಮನಿಯವರು
ಸರಕಾರದ ಸಿಪಾಯಿ, ಅದೂ ವಿಮಾನದಿಂದ ಜಿಗಿಯೋ ಪೈಕಿ.
ಉಳಿದ ಹತ್ತು ತಿಂಗಳು ಬೆಟಗೇರಿ ರಸ್ತೆಯ
ಎರಡು ಶಟರಿನ ಪ್ರೆಸ್ಸಿನ್ಯಾಗ
ಶಾಯಿ ಕೈ, ಮೂಗಿನ ತುದಿಗೆ ಜಾರಿದ ಕನ್ನಡಕ.
ಓಣಿ ಮಂದಿಗೆ ಇನ್ನೂ ಬಗೀಹರಿದಿಲ್ಲ:
ಫಕೀರೇಶ ಮಿಲಿಟರಿಯಾಂವೋ, ಪ್ರೆಸ್ಸಿನಾಂವೋ?

ಹೋಗೋ ಮುಂದ ಎರಡ ಕೆಲಸ ಮಾಡ್ತಾರ.
ಮಷಿನ್ನಿಗೆ ಎಣ್ಣಿ ಹಾಕ್ತಾರ.
ನಳ ಬಂದ ರಾತ್ರಿ ಎದ್ದು ಎಲ್ಲಾ ಬ್ಯಾರಲ್ ತುಂಬಸ್ತಾರ.
ಹನ್ನೆರಡು ಹದಿನೈದು ದಿನಕ್ಕೊಮ್ಮೆ ನೀರು ಬಿಡೋ ಊರಾಗ
ಇದಕ್ಕಿಂತ ದೊಡ್ಡ ಪ್ರೀತಿ ನನಗ ಗೊತ್ತಿಲ್ಲ.

ಮೊದಲ ಸಲ ಆಗ್ರಾದಿಂದ ಬಂದಾಗ ಕೇಳಿದ್ದೆ,
ತಾಜಮಹಲ್ ಹೆಂಗ ಕಾಣತೈತ್ರಿ ಮ್ಯಾಲಿಂದ?
‘ಜಿಗಿದಾಂವ ಕೆಳಗ ನೋಡಬಾರದು, ವಿಶಾಲಿ.
ನೆಲಾ ನೋಡಿದ್ರ ಕಾಲು ತಾವಾಗೇ ಚಾಚ್ತಾವ, ಎಲುಬು ಮುರೀತಾವ.
ದೂರ, ಆಕಾಶ ಮಣ್ಣಿಗೆ ಹತ್ತಿದ ಗೆರಿ ನೋಡಬೇಕು.’
ನಾ ನಕ್ಕೆ.
ನಾನು ನೋಡೂದು ಪೂರಾ ನೆಲಾನ:
ಕರೆಂಟ್ ಬಿಲ್ಲು, ಕಾಗದದ ಉದ್ರಿ,
ಅತ್ತಿಯವರ ಸಕ್ಕರಿ ಗುಳಿಗಿ,
ಹೇಳದ ಕೇಳದ ರಜಾ ಹಾಕೋ ದಾವಲಸಾಬ.
ಯಾರರೆ ಒಬ್ಬರು ನೋಡಬೇಕಲ್ಲ.

ಒಂದು ವರ್ಷ ಎರಡು ತಿಂಗಳು ಹೋಗಿ ಏಳಾತು.
ಆ ವರ್ಷದ ಕ್ಯಾಲೆಂಡರ್ ನಾನ ಹೊಡದೆ.
ಕೆಂಪು ಶಾಯಿ ತುಂಬೋ ಮುಂದ
ಯಾವ ದಿನಾ ಸೂಟಿ ಅಂತ
ಅವರನ್ನ ಕೇಳಬೇಕು ಅನಸ್ತಿತ್ತು.

ಇಂಚರಾಗ ಎಣಿಸೂದು ಕಲಿಸ್ಯಾರ.
ವಿಮಾನದ ಬಾಗಿಲು ಬಿಟ್ಟ ಮ್ಯಾಲ
ಒಂದು ಸಾವಿರ, ಎರಡು ಸಾವಿರ,
ಮೂರು ಸಾವಿರ, ನಾಲ್ಕು ಸಾವಿರ,
ಆಮ್ಯಾಲ ತಲಿ ಎತ್ತಿ ನೋಡಬೇಕು, ಛತ್ರಿ ಬಿಚ್ಚೇತೋ ಇಲ್ಲೋ.
ಆಕಿ ಕಟ್ಟಿ ಮ್ಯಾಲಿಂದ ಜಿಗೀತಾಳ, ಮೊಣಕಾಲು ಜೋಡಿಸಿ.
ಒಂದು ಸಾವಿರ ಅನ್ನೂದರಾಗ ನೆಲಾ ಮುಟ್ಟಿ
ಮಿಕ್ಕ ಮೂರನ್ನ ಕೂತು ಎಣಸ್ತಾಳ.

ಈ ಸಲ ಅವರು ಇಲ್ಲದಾಗ
ಹುಲಕೋಟಿ ಮಂದಿಯ ಲಗ್ನದ ಕಾರ್ಡು, ಆರುನೂರು,
ತಪ್ಪು ಹೊಡದೆ. ಗುರುವಾರ ಖರೆ, ತಾರೀಕು ಸುಳ್ಳು.
ಪ್ರೂಫ್ ನೋಡಿದಾಕಿ ನಾನ. ಹಿಂದಿನ ರಾತ್ರಿ ಮಗಳಿಗೆ ಜ್ವರ.
ಕೈಯಿಂದ ರೊಕ್ಕಾ ಹಾಕಿ ಮತ್ತ ಹೊಡದು ಕೊಟ್ಟೆ.
ತಪ್ಪಿದ್ದನ್ನ ಸುತಳಿಲೆ ಕಟ್ಟಿ ರ‍್ಯಾಕಿನ ಹಿಂದ ಸೇರಿಸಿದೆ.
ಫೋನಿನ್ಯಾಗ, ಎಲ್ಲಾ ಆರಾಮ ಅಂದೆ.
ಆ ಕಡಿಂದನೂ ಅದ ಮಾತು, ಎಲ್ಲಾ ಆರಾಮ.

ಬಂದ ಮ್ಯಾಲ ಅರಿವಿ ಒಗ್ಯಾಕ ಚೀಲ ತಗದೆ.
ಸಣ್ಣ ದಾಖಲಿ ಪುಸ್ತಕ: ತಾರೀಕು, ವಿಮಾನ, ಎತ್ತರ.
ಕಡೀ ಕಾಲಮಿನ್ಯಾಗ ಇಪ್ಪತ್ಮೂರು ಸಲ ಬರೇ ಅಡ್ಡಗೆರಿ.
ಇಪ್ಪತ್ನಾಲ್ಕನೇದಕ್ಕ ಒಂದು ಶಬ್ದ: ರಿಸರ್ವ್.
ಪ್ರೂಫ್ ನೋಡೋ ಕಣ್ಣಿಗೆ ಅಷ್ಟ ಸಾಕು.
ದೊಡ್ಡ ಛತ್ರಿ ಬಿಚ್ಚಿಲ್ಲ.
ಎದಿಗೆ ಕಟ್ಟಿಕೊಂಡ ಸಣ್ಣದು ಬಿಚ್ಚೇತಿ.
ತಾರೀಕು ನೋಡಿದೆ. ಅವತ್ತ ಸಂಜಿಮುಂದ ಫೋನ್ ಬಂದಿತ್ತು,
ಮಿರ್ಚಿ ತಿನ್ನಂಗಾಗೇತಿ ಅಂದಿದ್ರು.

ಪುಸ್ತಕ ಹಂಗ ಒಳಗಿಟ್ಟೆ.

ನಿನ್ನಿ ರಾತ್ರಿ ಇಂಚರಾ ಲೆಕ್ಕಾ ಮಾಡಾಕ ರದ್ದಿ ಕೇಳಿದ್ಲು.
ಇವರು ರ‍್ಯಾಕಿನ ಹಿಂದ ಕೈ ಹಾಕಿ ಆ ಕಟ್ಟು ತಗದ್ರು.
ಒಂದು ಕಾರ್ಡು ಓದಿದ್ರು.
ಕನ್ನಡಕ ಮ್ಯಾಲ ಸರಿಸಿ ಮತ್ತೊಮ್ಮೆ ಓದಿದ್ರು.
ನನ್ನ ಕಡೆ ನೋಡ್ಲಿಲ್ಲ, ದೂರದ ಗೆರಿನೂ ನೋಡ್ಲಿಲ್ಲ.
ನೆಲಾ ನೋಡಿದ್ರು.
ಆಮ್ಯಾಲ ಹತ್ತು ಕಾರ್ಡು ಎಣಿಸಿ ಮಗಳ ಕೈಯಾಗ ಕೊಟ್ಟು
ಹಿಂದಿನ ಮಗ್ಗಲಿಗೆ ಬರಿ ಅಂದ್ರು.

‘ಅಪ್ಪಾ,’ ಅಂದ್ಲು ಆಕಿ, ಪೆನ್ಸಿಲ್ ಕಚ್ಚಿ,
‘ಐದು ಸಾವಿರ ಯಾವಾಗ ಎಣಸ್ತಾರ?’

ಹೊರಗ ನಳ ಕೆಮ್ಮಿತು.
ಮೊದಲು ಗಾಳಿ ಬರತೈತಿ, ಆಮ್ಯಾಲ ಕೆಂಪು ನೀರು.
ಇಬ್ಬರೂ ಒಮ್ಮೆಲೆ ಎದ್ವಿ,
ಒಂದ ಕೊಡಕ್ಕ ಕೈ ಹಾಕಿದ್ವಿ.