ಮೊಳೆ ಹದಿನೇಳು

ತಬೆರ್ನಾಸಿನ ಈ ಬೋಳು ಗುಡ್ಡಕ್ಕೆ
ನೂರಿಪ್ಪತ್ತು ಮೊಳೆ ಹೊಡೆದಿದ್ದಾರೆ ವಿಶ್ವವಿದ್ಯಾಲಯದವರು.
ತಿಂಗಳಿಗೊಮ್ಮೆ ಸ್ಕೇಲು ಹಿಡಿದು ಹತ್ತುತ್ತೇನೆ.
ಎಷ್ಟು ಮಣ್ಣು ಹೋಯಿತು, ಎಷ್ಟು ಕಬ್ಬಿಣ ಹೊರಬಂತು,
ಮಿಲಿಮೀಟರಿನಲ್ಲಿ ಬರೆಯುತ್ತೇನೆ.
ಹೆಚ್ಚಿನ ತಿಂಗಳು ಬರೆಯುವುದು ಸೊನ್ನೆ.
ಸೊನ್ನೆಗೂ ಸಂಬಳ ಉಂಟು.

ಬಡಗಣ ಇಳಿಜಾರಿನಲ್ಲಿ ಕಾಲಿಡಬಾರದು.
ಅಲ್ಲಿ ಕಲ್ಲುಹೂವು ಬೆಳ್ಳಗೆ ಹೆಪ್ಪುಗಟ್ಟಿ
ಮಣ್ಣನ್ನು ಹಿಡಿದುಕೊಂಡಿದೆ, ಹಾಲಿನ ಮೇಲೆ ಕೆನೆ ಕೂತ ಹಾಗೆ.
ನನ್ನ ಆಡು ಒಮ್ಮೆ ತುಳಿದ ಗೊರಸಿನ ಗುರುತು
ಹನ್ನೊಂದು ವರ್ಷದಿಂದ ಅಲ್ಲೇ ಇದೆ.
ತೆಂಕಣ ಮೈಗೆ ಏನೂ ಇಲ್ಲ.
ಬಿಸಿಲು, ಬಿರುಕು, ನನ್ನ ಮೊಳೆಗಳು.

ಸೆಪ್ಟೆಂಬರಿನ ಕೊನೆಗೆ, ಊಟದ ಹೊತ್ತಿಗೆ,
ಕಡಲ ಕಡೆಯಿಂದ ಮೋಡ ಬಂತು. ನಾಯಿ ಮೇಜಿನಡಿ ಹೋಯಿತು.
ನಲವತ್ತು ನಿಮಿಷ. ಮೂವತ್ತೊಂದು ಮಿಲಿಮೀಟರ್.
ಮೊದಲ ಹನಿಗಳು ದೂಳಿನಲ್ಲಿ ಗುಳಿ ತೋಡಿದವು,
ಆಮೇಲೆ ಜೇಡಿ ಉಬ್ಬಿ ಬಿರುಕುಗಳು ಬಾಯಿ ಮುಚ್ಚಿದವು,
ಆರು ತಿಂಗಳು ಬಾಯಾರಿದ್ದ ಗುಡ್ಡವೇ ನೀರನ್ನು ಉಗುಳಿತು.
ನೂಲಿನಷ್ಟು, ಬೆರಳಿನಷ್ಟು, ತೊಡೆಯಷ್ಟು,
ಕೊರಕಲಿಗೆ ಕೊರಕಲು ಕೂಡಿ
ಒಣಗಿದ್ದ ಹಳ್ಳದೊಳಗೆ ಅಂಬಲಿ ಬಣ್ಣದ ಗೋಡೆಯೊಂದು ನಡೆದು ಬಂತು,
ಹೊಟ್ಟೆಯೊಳಗೆ ಬಂಡೆಗಳು ಗುದ್ದಾಡುವ ಸದ್ದು.

ಮರುದಿನ ಮೊಳೆ ಹದಿನೇಳು
ಕುತ್ತಿಗೆ ಉದ್ದ ಮಾಡಿ ನನ್ನನ್ನೇ ನೋಡಿತು.
ಆರು ಮಿಲಿಮೀಟರ್.
ಆನ್ಸೆಲ್ಮೋ, ಆಲ್ಮೆರಿಯಾದ ಹುಡುಗ,
ತೊಟ್ಟಿಯ ರಾಡಿಯನ್ನು ಬಾಟಲಿಗಳಿಗೆ ತುಂಬುತ್ತ
"ನಷ್ಟದ ಕಾಲಂಗೆ ಹಾಕಿ, ಎಲಾದಿಯಾ" ಎಂದ.
ಹಾಕಿದೆ.

ನಮ್ಮಜ್ಜ ಫುಲ್ಖೆನ್ಸಿಯೋ ಇದೇ ನೀರಿಗೆ ಕಾದು ಕೂತವನು,
ತೊಡೆಯ ಮೇಲೆ ಗುದ್ದಲಿ ಇಟ್ಟುಕೊಂಡು.
ಹಳ್ಳಕ್ಕೆ ಓರೆಯಾಗಿ ಕಲ್ಲಿನ ಒಡ್ಡು ಕಟ್ಟಿ
ಪ್ರವಾಹದ ಒಂದು ಕೈ ಹಿಡಿದು
ಬಾದಾಮಿ ಗಿಡಗಳ ಕಡೆ ತಿರುಗಿಸಿದವನು.
ನೀರು ಇಂಗಿದ ಮೇಲೆ ಬೆರಳು ಚುಚ್ಚಿ ನೋಡುತ್ತಿದ್ದ,
ಮೆಕ್ಕಲು ಎಷ್ಟು ದಪ್ಪ ಕೂತಿತೆಂದು.
ಎರಡು ಗೆಣ್ಣು ಮುಳುಗಿದರೆ
ಆ ರಾತ್ರಿ ಮನೆಯಲ್ಲಿ ಯಾರಿಗೂ ಬೈಗುಳವಿಲ್ಲ.
ಅವನ ಬೆರಳಿಗೂ ನನ್ನ ಮೊಳೆಗೂ
ಲೆಕ್ಕ ಒಂದೇ, ತಿರುಗುಮುರುಗು.

ಒಡ್ಡು ಕುಸಿದು ಎಷ್ಟೋ ವರ್ಷ.
ಮಣ್ಣು ಈಗ ನಿಲ್ಲದೆ ಕಡಲಿಗೆ ಹೋಗುತ್ತದೆ.

ಹುಡುಗನ ಜೀಪು ತಿರುವು ದಾಟಿದ ಮೇಲೆ
ತೊಟ್ಟಿಯ ತಳದಲ್ಲಿ ಉಳಿದದ್ದನ್ನು ಬಳಿದು
ಎರಡು ಬಕೆಟ್ ಹೊತ್ತು ತಂದು
ಹಿತ್ತಲ ಒಂಟಿ ಬಾದಾಮಿಯ ಬುಡಕ್ಕೆ ಸುರಿದೆ.
ಬೆರಳು ಚುಚ್ಚಿದೆ. ಅರ್ಧ ಗೆಣ್ಣು.
ಇದನ್ನು ಎಲ್ಲೂ ಬರೆಯಲಿಲ್ಲ.
ಕೈ ತೊಳೆದು ಬರುವಷ್ಟರಲ್ಲಿ
ಆಡು ಆ ಹಸಿಯ ನಡುಮಧ್ಯೆ ನಿಂತಿತ್ತು,
ನಾಲ್ಕೂ ಕಾಲು ಊರಿ.