ಚಿಪ್ಪು ಯಾವ ಬಕೆಟ್ಟಿಗೆ

ಹಸಿರು ಹಸಿಗೆ, ನೀಲಿ ಒಣಗಿದ್ದಕ್ಕೆ,
ಕೆಂಪು, ಹೇಳಬಾರದ್ದಕ್ಕೆ.
ನಗರಸಭೆಯ ಚೀಟಿ ಫ್ರಿಜ್ಜಿಗೆ ಅಂಟಿಸಿದ್ದೇನೆ.
ಕೆಳಗೆ ನನ್ನದೇ ಅಕ್ಷರದಲ್ಲಿ ಕೊಂಕಣಿಯಲ್ಲೂ ಬರೆದಿದ್ದೇನೆ,
ಓದು ಬಾರದ ಅತ್ತೆಗಲ್ಲ,
ಓದಿಯೂ ಓದದ ಹೆಂಡತಿಗೆ.

ಬೈತಖೋಲ ಬಂದರಿನಲ್ಲಿ ಮೂವತ್ತೊಂದು ವರ್ಷ
ಟ್ಯಾಲಿ ಗುಮಾಸ್ತನಾಗಿದ್ದವನು ನಾನು.
ಹಡಗಿನ ಹೊಟ್ಟೆಯಿಂದ ಬಂದದ್ದಕ್ಕೆ, ಹೊಟ್ಟೆಗೆ ಹೋದದ್ದಕ್ಕೆ
ನಾಲ್ಕು ನೆಟ್ಟ ಗೆರೆ, ಐದನೆಯದು ಅಡ್ಡ.
ಅದಿರು, ಕಾಕಂಬಿ, ಡಾಂಬರು,
ಒಂದರ ಲೆಕ್ಕದಲ್ಲಿ ಇನ್ನೊಂದು ಬೆರೆಯಗೊಟ್ಟವನಲ್ಲ.
ಈಗ ಹಾಲಿನ ತೊಟ್ಟೆ ತೊಳೆದು ತಂತಿಗೆ ಸಿಕ್ಕಿಸುತ್ತೇನೆ,
ಕತ್ತರಿಸಿದ ಮೂಲೆಯ ಚೂರು ಕಾಣದಿದ್ದರೆ
ಮೊಣಕಾಲೂರಿ ಸಿಲಿಂಡರಿನ ಹಿಂದೆ ಹುಡುಕುತ್ತೇನೆ.
ಕಾಜೂಬಾಗಿನ ಮಕ್ಕಳಿಗೆ ನಾನು ಟ್ಯಾಲಿ ಮಾಮ.

ಲೆಕ್ಕ ತಪ್ಪಿದ್ದು ತಿಸ್ರೆಯಲ್ಲಿ.
ಕಾಳಿಯ ಅಳಿವೆಯದು, ಆದಿತ್ಯವಾರದ್ದು,
ಗುಲಾಬಿ ಹರಿಕಂತ್ರ ನೂರು ಎಣಿಸಿ
ಮೇಲೆ ಹತ್ತು ಕೊಸರು ಹಾಕಿದ್ದು.
ಉಂಡೆದ್ದ ಮೇಲೆ ಚಿಪ್ಪು ಎಣಿಸಿದೆ: ಇನ್ನೂರ ಹದಿನೆಂಟು.
(ಒಂದು ಬಾಯಿಬಿಡದೆ ಹಟ ಮಾಡಿತ್ತು.)
ಹಸಿಯೆ? ಕೊಳೆಯುವುದಿಲ್ಲ.
ಒಣವೆ? ನಾರುತ್ತದೆ.
"ಅಂಗಳಕ್ಕೆ ಎಸೆದರೆ ಮುಗೀತು" ಅಂದಳು ಹೆಂಡತಿ.
ಅಂಗಳ ಎಲ್ಲಿ ಮಾರಾಯ್ತಿ, ಎರಡನೇ ಮಹಡಿ ನಮ್ಮದು,
ಕೆಳಗೆ ನೌಕಾನೆಲೆಯವರ ಬಿಳಿ ಕಾರು.

ನಾನು ಚಡ್ಡಿ ಹಾಕುವ ಕಾಲಕ್ಕೆ
ಕೋಡಿಬಾಗದ ಸುಣ್ಣದ ಗೂಡಿನಿಂದ ಇನಾಸ ಬರುತ್ತಿದ್ದ.
ಹಿತ್ತಿಲ ಬಾಗಿಲಲ್ಲಿ ಕೆಮ್ಮಿ, ಗೋಣಿ ಬಿಡಿಸಿ:
"ಚಿಪ್ಪು ಉಂಟೇ?"
ವರ್ಷದ ಚಿಪ್ಪಿಗೆ, ಚೌತಿಯ ಮುಂಚೆ, ಒಂದು ಮಡಕೆ ಸುಣ್ಣ.
ನಾವು ತಿಂದುಳಿದದ್ದೇ ನಮ್ಮ ಗೋಡೆ ಹತ್ತುತ್ತಿತ್ತು,
ಅಜ್ಜಿಯ ವೀಳ್ಯದೆಲೆಗೂ ಉಗುರ ತುದಿಯಷ್ಟು.
ಕಸ ಎಂದರೆ ಆಗ
ಗುಡಿಸಿದಾಗ ಸಿಕ್ಕಷ್ಟು ಮಾತ್ರ.

ಬೆಳಿಗ್ಗೆ ಏಳೂಕಾಲಿಗೆ ಹಾಡಿಕೊಂಡು ಬಂತು ಗಾಡಿ.
ಹಿಂದೆ ದೇವಮ್ಮ ಆಗೇರ,
ಬಲಗೈಗೆ ಗವಸು, ಎಡಗೈಯದು ಹರಿದು ತಿಂಗಳಾಯಿತಂತೆ.
"ಇದು ಯಾವುದಕ್ಕೆ?" ಕೇಳಿದೆ.
ಅವಳು ಒಂದು ಚಿಪ್ಪೆತ್ತಿ ಮೂಸಿದಳು.
"ನಮ್ಗೂ ಹೇಳ್ಕೊಡ್ಲಿಲ್ರಾ."
ಸಾಣಿಕಟ್ಟೆಯ ಆಗರದಲ್ಲಿ ಅವಳ ತಾಯಿ
ಬಿಳಿಯುಪ್ಪು ಬೇರೆ, ಮಣ್ಣುಪ್ಪು ಬೇರೆ ಎಳೆದು ಗುಡ್ಡೆ ಹಾಕಿದವಳು.
"ಬೇರೆ ಇಡುದು ನಮ್ಗೇನು ಹೊಸ್ತಾ?
ನಮ್ಮನ್ನೇ ಇಟ್ಟಿದ್ರಲ್ಲ" ಎಂದು ನಕ್ಕಳು.
ನಗುವುದೋ ಬೇಡವೋ ತಿಳಿಯದೆ
ನಾನು ಬಕೆಟ್ಟಿನ ಹಿಡಿಕೆ ಸರಿಪಡಿಸಿದೆ.

ಅಷ್ಟರಲ್ಲಿ ಅವಳ ಎಡಗೈ ನೀಲಿಯೊಳಗೆ ಇಳಿದು
ಒಂದು ಕಾಗದದ ಸುತ್ತಿನ ಹತ್ತಿರ ನಿಂತಿತು.
ಮುಟ್ಟಲಿಲ್ಲ.
ಬಲಗೈಯಿಂದ ಎತ್ತಿ, ಬಿಡಿಸದೆಯೇ
ನನ್ನ ಕೆಂಪು ಬಕೆಟ್ಟಿಗೆ ಹಾಕಿದಳು.
ಸಕ್ಕರೆಯ ಸೂಜಿ, ನನ್ನದೇ.
ಮಗಳಿಗೆ ಗಂಡು ನೋಡುತ್ತಿರುವ ಹೊತ್ತು,
ಕೆಂಪು ಬಕೆಟ್ಟು ಮೆಟ್ಟಿಲಿಳಿಯುವಾಗ ಮಾತಾಡುತ್ತದೆ.
"ಇಷ್ಟ್ ಚೆಂದಾಗಿ ಸುತ್ತಿದ್ರೆ
ಒಳ್ಗೆ ಎಂತದೋ ಅದೆ ಅಂತ ಗೊತ್ತಾತದೆ"
ಎಂದು ಹೆಬ್ಬೆರಳಿನ ಹಳೆಯ ಕಪ್ಪು ಚುಕ್ಕೆ ತೋರಿಸಿದಳು.
ಯಾರ ಮನೆಯದೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಚಿಪ್ಪಿನ ಚೀಲ ಗಾಡಿಯ ಬದಿಯ ಕೊಕ್ಕೆಗೆ ನೇತುಹಾಕಿ
"ಕೋಳಿಗೆ ಜಜ್ಜಿ ಹಾಕ್ತೆ, ಮೊಟ್ಟೆ ಗಟ್ಟಿ ಬರ್ತದೆ" ಅಂದಳು.
ಹಾಡು ತಿರುವಿನಲ್ಲಿ ಮರೆಯಾಯಿತು.

ಮೇನ್ ರೋಡಿನ ಅಂಗಡಿಯಲ್ಲಿ ಗವಸು ಕೇಳಿದೆ.
ಎಡಗೈಯದೊಂದೇ ಕೊಡುವುದಿಲ್ಲ, ಜೋಡಿಯೇ ಅಂತೆ.
ಎಡದ್ದನ್ನು ನಾಳೆಗೆಂದು ಬಾಗಿಲ ಮೊಳೆಗೆ ಸಿಕ್ಕಿಸಿ
ಬಲದ್ದನ್ನು ತೊಟ್ಟೆ,
ವಾರದ ನೀಲಿಯನ್ನು ನೆಲಕ್ಕೆ ಸುರಿದು
ಚೆಂದಾಗಿ ಸುತ್ತಿದ್ದನ್ನೆಲ್ಲ
ಒಂದೊಂದಾಗಿ ಹೊರಗಿಡುತ್ತ ಕೂತೆ.